ಚೆಂಡು ನಾಲೆಗೆ ಬಿದ್ದರೆ ಒದ್ದವನೇ ತರಬೇಕು

ಪಂದ್ಯ ನಡೆಯುತ್ತಿತ್ತು. ಆಟಗಾರನೊಬ್ಬ ಇದ್ದಕ್ಕಿದ್ದಂತೆ ಮೈದಾನ ಬಿಟ್ಟು ಓಡಿ, ಏರಿ ಹತ್ತಿ, ಬೂಟು ಬನಿಯನ್ನುಗಳ ಸಮೇತ ನಾಲೆಗೆ ಹಾರಿದ. ನಾನು ಗಾಬರಿಯಿಂದ ಎದ್ದು ನಿಂತೆ. ಸುತ್ತ ಕೂತಿದ್ದವರಲ್ಲಿ ಒಬ್ಬರೂ ಆ ಕಡೆ ತಿರುಗಲಿಲ್ಲ. ಮೈದಾನದಲ್ಲಿ ಆಗಲೇ ಇನ್ನೊಂದು ಚೆಂಡಿನಲ್ಲಿ ಆಟ ಶುರುವಾಗಿತ್ತು, ಎಲ್ಲರ ಕಣ್ಣು ಅದರ ಮೇಲೆ. ಸ್ವಲ್ಪ ಹೊತ್ತಿಗೆ ಅವನು ಮೊದಲ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಬಂದ, ಅದನ್ನು ಗೆರೆಯಾಚೆ ಎಸೆದ, ನೀರು ಸುರಿಸುತ್ತಲೇ ಓಡಿಹೋಗಿ ಆಟಕ್ಕೆ ಸೇರಿಕೊಂಡ.

ಕಿರಂಗೂರಿನ ಆಚೆ, ನಾಲೆಗೆ ಅಂಟಿಕೊಂಡ ಗೋಮಾಳದಲ್ಲಿ ನಾನು ನೋಡಿದ ಮೊದಲ ಫುಟ್‌ಬಾಲ್ ಪಂದ್ಯ ಅದು. ಏರಿ ಎಂದರೆ ನಾಲೆಯ ದಂಡೆಯ ಮಣ್ಣಿನ ದಿಬ್ಬ. ನೋಡುವವರು ಕೂರುವುದೂ ಅದರ ಮೇಲೆಯೇ. ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, ಪಾಪ ಎನಿಸಿ, ವಿವರಿಸಿದರು. “ಒದ್ದೋನೇ ತರ್ಬೇಕು ಕಣವ್ವ. ಅವ್ನು ಬರಗಂಟ ಅವ್ರ ಟೀಮಲ್ಲಿ ಒಬ್ಬ ಕಮ್ಮಿ. ಇಲ್ದಿದ್ರೆ ಗೆಲ್ತಾ ಇರೋರು ಸುಮ್ಸುಮ್ಕೆ ನೀರಿಗೆ ಒದ್ದು ಟೈಮು ಕಳೀತಾರೆ.”

ನಾನು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ. ಅಲ್ಲಿ ಮೈದಾನದ ಒಂದು ಬದಿಗೆ ಹಳಿ ಇತ್ತು. ಅಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರ್, ಭಾನುವಾರ ರೆಫ್ರಿ. ಚೆಂಡು ಹಳಿಯ ಕಡೆ ಉರುಳಿದರೆ ಅವರು ಸೀಟಿ ಊದಿ ಎರಡೂ ಕೈ ಎತ್ತುತ್ತಿದ್ದರು. ಗೂಡ್ಸ್ ಗಾಡಿ ದಾಟುವವರೆಗೂ ಎರಡೂ ತಂಡದವರು ಸೊಂಟದ ಮೇಲೆ ಕೈಯಿಟ್ಟು, ಬೈದುಕೊಂಡು, ನಗುತ್ತ ನಿಲ್ಲಬೇಕು. ಆಟ ಎಂದರೆ ನಿಲ್ಲಿಸಬಹುದಾದದ್ದು ಎಂದೇ ನಾನು ತಿಳಿದಿದ್ದೆ.

ಈ ಕಡೆಗೆ ಬಂದದ್ದು ಬ್ಯಾಂಕಿನ ವರ್ಗಾವಣೆಯಿಂದ. ಕೆಲಸ ಪಾಂಡವಪುರದಲ್ಲಿ, ಮನೆ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ. ಬಾಡಿಗೆ ಮನೆಗಾಗಿ ಬಾಗಿಲು ಬಾಗಿಲು ತಿರುಗುವಾಗ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ಒಬ್ಬರೇನಾ, ಯಾವ ಜನ. ಎರಡನೆಯದಕ್ಕೆ ಉತ್ತರ ಸಿಗುವವರೆಗೂ ಮೊದಲನೆಯದರಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ನಮ್ಮ ಊರಿನಲ್ಲಿ ಇದನ್ನು ಕೇಳುವುದಿಲ್ಲವೇ ಎಂದರೆ, ಕೇಳುತ್ತಾರೆ. ಚಹಾ ಕೊಟ್ಟು, ಸುತ್ತು ಬಳಸಿ ಕೇಳುತ್ತಾರೆ. ಇಲ್ಲಿ ಬಾಗಿಲಲ್ಲೇ ಕೇಳಿಬಿಡುತ್ತಾರೆ. ಕೊನೆಗೆ ಜಯಮ್ಮ ಎಂಬವರು ಮಹಡಿಯ ಮೇಲಿನ ಒಂದು ಕೋಣೆ ಕೊಟ್ಟರು.

ಆ ಮನೆಯಲ್ಲಿ ನನ್ನನ್ನು ಬೆಚ್ಚಿಸಿದ್ದು ನಲ್ಲಿ. ಹುಬ್ಬಳ್ಳಿಯಲ್ಲಿ ನೀರು ಬಿಡುವ ದಿನ ಮನೆಮಂದಿಯೆಲ್ಲ ಎದ್ದು ಡ್ರಮ್ಮು, ಕೊಡ, ಚೊಂಬು, ಕೊನೆಗೆ ಪಾತ್ರೆಯ ಮುಚ್ಚಳಗಳನ್ನೂ ತುಂಬುತ್ತೇವೆ. ಇಲ್ಲಿ ಜಯಮ್ಮ ನಲ್ಲಿ ಬಿಟ್ಟುಕೊಂಡೇ ಪಕ್ಕದ ಮನೆಯವರ ಸೊಸೆಯ ವಿಷಯ ಪೂರ್ತಿ ಮಾತಾಡಿ ಮುಗಿಸುತ್ತಿದ್ದರು. ನಾನು ತಡೆಯಲಾರದೆ ಹೋಗಿ ನಿಲ್ಲಿಸುತ್ತಿದ್ದೆ. ನನ್ನ ಕೋಣೆಯಲ್ಲಿ ಸಾಲಾಗಿ ತುಂಬಿಟ್ಟ ಬಕೆಟ್ಟುಗಳನ್ನು ನೋಡಿ ಅವರು ಬೀದಿಯವರನ್ನೆಲ್ಲ ಕರೆದು ತೋರಿಸಿದರು. ನೀರೇನು ಓಡೋಗ್ತದಾ ಎಂದು ಎಲ್ಲರೂ ನಕ್ಕರು. ಓಡಿಹೋಗುವ ನೀರಿನ ಜೊತೆಯಲ್ಲೇ ಹುಟ್ಟಿ ಬೆಳೆದವರು ಅವರು.

ಅನ್ನಸಾರಿಗೆ, ಮುದ್ದೆಗೆ ಹೊಂದಿಕೊಂಡೆ. ಬೇಯಿಸಿದ ಕಾಳು ಸೊಪ್ಪಿನ ನೀರಿಗೆ ಉಪ್ಪು ಬೆರೆಸಿ, ಖಾರವನ್ನು ಬೇರೆಯಾಗಿ ಕೊಡುವ ಉಪ್ಸಾರನ್ನು ಈಗ ಕೇಳಿ ಹಾಕಿಸಿಕೊಳ್ಳುತ್ತೇನೆ. ಮಾತಿಗೆ ಹೊಂದಿಕೊಳ್ಳುವುದು ಮಾತ್ರ ಕಷ್ಟವಾಯಿತು. ನಾನು ಕೌಂಟರಿನಲ್ಲಿ ಬಾಯಿ ತೆರೆದರೆ ಸಾಲಿನಲ್ಲಿದ್ದವರು ನನ್ನ ‘ರೀ’ಗಳನ್ನು ಎತ್ತಿ ಆಡುತ್ತಿದ್ದರು. ಅವರ ಮಾತಿನಲ್ಲಿ ನಾನು ಮೊದಲು ಕಲಿತದ್ದು ‘ಬುಡು’. ಬಿಡು ಎಂದೇ ಅರ್ಥ. ಸಮಾಧಾನ ಹೇಳುವಾಗ ಬುಡು, ಬೈದ ಮೇಲೆ ಬುಡು, ಹೆಣ ಎತ್ತಿದ ಮೇಲೂ ಬುಡು.

ಒಂಟಿತನ ಎಂಬುದು ನನಗೆ ಸಂಜೆಯ ಹೊತ್ತು ಫೋನಿನಲ್ಲಿ ದೂರದೇಶದ ಲೀಗ್ ನೋಡುವುದು, ಗೋಲು ಬಿದ್ದಾಗ ಕೂಗದೆ ದಿಂಬು ಹಿಡಿದುಕೊಳ್ಳುವುದು. ಹಾಗಾಗಿ ಕಿರಂಗೂರಿನಲ್ಲಿ ಫುಟ್‌ಬಾಲ್ ತಂಡವಿದೆ ಎಂದು ಗೊತ್ತಾದ ವಾರವೇ ಏರಿಯ ಮೇಲೆ ಹೋಗಿ ಕೂತೆ. ನಾಟಿ ಮುಗಿದು ಗಂಡಸರಿಗೆ ಬಿಡುವಾಗುತ್ತಲೇ ಇಲ್ಲಿ ಸೀಸನ್ ಶುರು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ತಂಡಗಳು ಬರುತ್ತವೆ. ನಾಲೆ ದಂಡೆ ಮುಟ್ಟಿ ಹರಿಯುವುದೂ ಅದೇ ಕಾಲದಲ್ಲಿ. ಏರಿಯ ಮೇಲಿನ ಒಬ್ಬಳೇ ಹೆಂಗಸು ನಾನು. ಮೊದಲು ಗುಮಾನಿಯಿಂದ ನೋಡಿದರು. ಒಂದು ದಿನ ಆಫ್‌ಸೈಡ್ ವಿಷಯಕ್ಕೆ ಹಿರಿಯರೊಬ್ಬರ ಜೊತೆ ಜಗಳವಾಡಿ ಗೆದ್ದೆ. ಅಂದಿನಿಂದ ಕಡಲೆಕಾಯಿ ನನ್ನ ಕಡೆಗೂ ಬರತೊಡಗಿತು. ಕ್ಯಾಪ್ಟನ್ ಚಂದ್ರು ಹಸು ಸಾಕಿ ಡೇರಿಗೆ ಹಾಲು ಹಾಕುವವನು. ನನಗೆ ಜ್ವರ ಬಂದಾಗ ಮಹಡಿ ಹತ್ತಿ ಹಾಲು ಇಟ್ಟು ಹೋಗಿದ್ದ. ಇದನ್ನು ಈಗಲೇ ಹೇಳುತ್ತಿದ್ದೇನೆ. ಮುಂದಿನದನ್ನು ಓದಿ ನೀವು ಅವನನ್ನು ರಾಕ್ಷಸ ಎಂದುಕೊಳ್ಳಬಾರದು.

ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಯೋಗೇಶ. ನಾಗಮಂಗಲದ ಕಡೆಯ ಹಳ್ಳಿಯವನು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆಲೆಮನೆಗೆ ಕೆಲಸಕ್ಕೆ ಬಂದಿದ್ದ. ಅವನ ಊರಿಗೆ ನಾಲೆ ಇಲ್ಲ. ರಾಗಿ, ಹುರುಳಿ, ಬತ್ತಿದ ಕೆರೆ, ಕೊಳವೆಬಾವಿ. ನಮ್ಮಿಬ್ಬರಿಗೂ ಈಜು ಬರುವುದಿಲ್ಲ ಎಂದು ಒಮ್ಮೆ ಕಡಲೆಕಾಯಿ ತಿನ್ನುತ್ತ ಪರಸ್ಪರ ಹೇಳಿಕೊಂಡು ನಕ್ಕಿದ್ದೆವು. ಈ ಊರಿನವರಿಗೆ ಅದು ಅರ್ಥವಾಗುವ ಮಾತಲ್ಲ. ಅವರ ಮಕ್ಕಳು ಎಮ್ಮೆ ತೊಳೆಯುತ್ತಲೇ ಈಜು ಕಲಿಯುತ್ತವೆ. ಬೆಳೆದ ಗಂಡಸು ಈಜು ಬರುವುದಿಲ್ಲ ಎಂದರೆ, ನಡೆಯಲು ಬರುವುದಿಲ್ಲ ಎಂದಂತೆ. ಸೋಮಾರಿತನಕ್ಕೆ ಹೇಳುವ ನೆಪ ಎಂದೇ ಅವರ ನಂಬಿಕೆ.

ಕಳೆದ ಸೀಸನ್ನಿನಲ್ಲಿ ಕೆ.ಆರ್. ಪೇಟೆಯವರ ಮೇಲೆ ಪಂದ್ಯ. ಎರಡೂ ಕಡೆ ಗೋಲಿಲ್ಲ, ಸಮಯ ಮುಗಿಯುತ್ತ ಬಂದಿತ್ತು. ಯೋಗೇಶ ಒದ್ದ ಚೆಂಡು ಅವರ ಗೋಲಿನ ಅಡ್ಡಪಟ್ಟಿಯ ಮೇಲೆ ಹಾರಿ, ನಮ್ಮ ತಲೆಗಳ ಮೇಲೆ ಹಾದು ನಾಲೆಗೆ ಬಿತ್ತು. ಅಲ್ಲಿಯವರೆಗೆ ಅವನ ಒಂದು ಚೆಂಡೂ ನೀರಿಗೆ ಬಿದ್ದಿರಲಿಲ್ಲ. ಅವನು ಏರಿ ಹತ್ತಿ, ನೀರು ನೋಡಿ, ನಿಂತುಬಿಟ್ಟ.

“ಈಜು ಬರಾಕಿಲ್ಲ ಕಣಣ್ಣ,” ಎಂದು ಚಂದ್ರುವಿಗೆ ಕೂಗಿ ಹೇಳಿದ.

“ಕತೆ ಏಳ್ಬೇಡ ಕಣ್ಲಾ. ಇಳಿಲಾ ಲೇ, ಒಬ್ಬ ಕಮ್ಮಿ ಆಗವ್ನೆ,” ಎಂದ ಚಂದ್ರು.

ಏರಿಯ ಮೇಲಿದ್ದವರಿಗೆ ಇಷ್ಟು ಸಾಕಾಯಿತು. ನಾಗಮಂಗಲದೋನ್ಗೆ ನೀರು ಕಂಡ್ರೆ ಚಳಿಜ್ವರ, ಸೀರೆ ಕೊಡ್ರಲಾ ಉಟ್ಕಳ್ಳಿ, ಅವ್ರೂರಲ್ಲಿ ಚೊಂಬಲ್ಲೇ ಈಜೋದು. ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ಅವನ ಕಿವಿ ಕೆಂಪಾಗುವುದು ನನಗೆ ಕಾಣಿಸಿತು. ಅವನು ಕೂತು, ಕಾಂಕ್ರೀಟಿನ ಇಳಿಜಾರಿನ ಮೇಲೆ ಜಾರಿಕೊಂಡು, ಹೆಂಗಸರು ಬಟ್ಟೆ ಒಗೆಯುವ ಕಲ್ಲಿಗೆ ಇಳಿಯುವ ಹಾಗೆ ನಿಧಾನವಾಗಿ ನೀರಿಗೆ ಇಳಿದ. ಮರುಕ್ಷಣ ಅವನ ಕಾಲು ಹೋಯಿತು.

ಟಿವಿಯಲ್ಲಿ ಗೋಲನ್ನು ಬೇರೆ ಬೇರೆ ಕಡೆಯಿಂದ ಮತ್ತೆ ಮತ್ತೆ ತೋರಿಸುವಂತೆ ಅಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಇನ್ನೂ ಓಡುತ್ತಿದೆ. ನೋಟು ಎಣಿಸುವ ಯಂತ್ರದ ಸದ್ದಿನ ನಡುವೆ, ಬಸ್ಸಿನ ಕಿಟಕಿಯಲ್ಲಿ. ಒಂದು ಕೈ ಮೇಲೆ ಬರುತ್ತದೆ, ಬೆರಳುಗಳು ಬಿಡಿಸಿಕೊಂಡಿವೆ. ಕಾಂಕ್ರೀಟಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತದೆ, ಜಾರುತ್ತದೆ. ಮುಖ ಮೇಲೆ ಬರುತ್ತದೆ, ಬಾಯಿ ತೆರೆದಿದೆ, ಅದರೊಳಗೆ ನೀರು ನುಗ್ಗುತ್ತದೆ. ಏರಿಯ ಮೇಲೆ ಎಲ್ಲರೂ ನಗುತ್ತಿದ್ದಾರೆ. ನಾಟ್ಕ ಆಡ್ತಾವ್ನೆ ಬುಡು ಎನ್ನುತ್ತಿದ್ದಾರೆ. “ಮುಳಗಾಕತ್ತಾನ್ರೀ, ಹಿಡೀರೀ,” ಎಂದು ನಾನು ಕಿರುಚುತ್ತೇನೆ. ಅವರಿಗೆ ಅರ್ಥವಾಗುತ್ತದೆ. ಆದರೂ ಹಿಂದಿನಿಂದ ಯಾರೋ ನನ್ನ ರಾಗದಲ್ಲೇ “ಹಿಡೀರೀ” ಎಂದು ಆಡಿಕೊಳ್ಳುತ್ತಾನೆ, ಇನ್ನೊಂದು ಸಲ ನಗು ಏಳುತ್ತದೆ.

ನಗದೆ ಇದ್ದವನು ಕೆ.ಆರ್. ಪೇಟೆ ತಂಡದ ಗೋಲಿ, ಹೊಸಹೊಳಲಿನ ಕುಮಾರ. ಗೋಲಿನ ಹತ್ತಿರವೇ ನಿಂತಿದ್ದವನಿಗೆ ನನ್ನ ಕಿರುಚಾಟ ಕೇಳಿರಬೇಕು. ಅವನು ತಿರುಗಿ ಏರಿ ಹತ್ತಿ, ಒಂದು ಸಲ ನೋಡಿ, ತಲೆಕೆಳಗಾಗಿ ಹಾರಿದ. ಯೋಗೇಶನ ಕೂದಲು ಹಿಡಿದು ತುಂಬ ದೂರ ತೇಲಿಹೋಗಿ, ತೂಬಿನ ಕಬ್ಬಿಣದ ಸರಳು ಹಿಡಿದು ನಿಂತ. ಅದೇ ಹೊತ್ತಿಗೆ ಮೈದಾನದಲ್ಲಿ ಚಂದ್ರು ಎರಡನೆಯ ಚೆಂಡನ್ನು ಕಸಿದುಕೊಂಡು, ಯಾರೂ ಇಲ್ಲದ ಗೋಲಿಗೆ ಒದ್ದ. ರೆಫ್ರಿ ಸೀಟಿ ಊದಿದ. ಗೋಲು. ಏರಿಯ ಮೇಲಿನವರು ಎದ್ದು ಕುಣಿದರು. ಯೋಗೇಶನನ್ನು ಮಗ್ಗುಲಾಗಿಸಿ ಹೊಟ್ಟೆಯ ನೀರು ಕಕ್ಕಿಸುವಾಗ ಅಲ್ಲಿ ಇದ್ದವರು ಕುಮಾರ, ನಾನು, ಮತ್ತು ಎಮ್ಮೆ ಮೇಯಿಸುತ್ತಿದ್ದ ಒಬ್ಬ ಹೆಂಗಸು. ನಮ್ಮ ತಂಡ ಗೆದ್ದಿತು.

ಆಮೇಲೆ ಚಂದ್ರು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ, ಎರಡು ದಿನ ಪಕ್ಕದಲ್ಲೇ ಕೂತಿದ್ದ, ಮನೆಯಿಂದ ಗಂಜಿ ತಂದ. ನಾನು ಮಾತು ತೆಗೆದಾಗ “ಬದುಕ್ಕಂಡ್ನಲ್ಲ, ಬುಡಿ ಮೇಡಂ” ಎಂದ. ಯೋಗೇಶನಿಗೆ ಊರಿನವರು ‘ಮೀನು’ ಎಂದು ಹೆಸರಿಟ್ಟರು. ಕುಮಾರನನ್ನು ಅವನ ತಂಡದವರು ಕೈಬಿಟ್ಟರು. ದೇವಸ್ಥಾನ ನೋಡಲೆಂದು ಹೊಸಹೊಳಲಿಗೆ ಹೋದಾಗ ಅವನ ಪಂಕ್ಚರ್ ಅಂಗಡಿ ಹುಡುಕಿ ಮಾತಾಡಿಸಿದೆ. ಗೋಲು ಬುಟ್ಟೋದೋನು ಎಂದು ಅವನೂರಿನಲ್ಲಿ ಚಿಕ್ಕ ಮಕ್ಕಳೂ ಕೂಗುತ್ತಾರಂತೆ. ಟ್ಯೂಬಿನಿಂದ ಮುಖ ಎತ್ತದೆ ಹೇಳಿದ: “ಇನ್ಮೇಲೆ ಯಾರಾರಾ ಮುಳುಗ್ತಾ ಇದ್ರೆ ಮೊದ್ಲು ಸ್ಕೋರ್ ಎಷ್ಟು ಅಂತ ಕೇಳ್ತೀನಿ ಅಕ್ಕ.”

ಬೇಸಿಗೆಯಲ್ಲಿ ನಾಲೆ ಒಣಗಿತು. ನೀರು ಬಂದ ಮೇಲೆ ಯೋಗೇಶನಿಗೆ ಈಜು ಕಲಿಸುತ್ತೇವೆ ಎಂದಿದ್ದರು. ನೀರು ಬಂತು, ಜೊತೆಗೆ ನಾಟಿಯೂ ಬಂತು, ಯಾರಿಗೂ ಪುರಸೊತ್ತಿಲ್ಲ. ಹೊಸ ಸೀಸನ್ನಿನ ಮೊದಲ ಪಂದ್ಯ ಪಾಂಡವಪುರದವರ ಮೇಲೆ ಎಂದು ಗೊತ್ತಾದಾಗ ನಾನು ಚಂದ್ರುವಿನ ಕೊಟ್ಟಿಗೆಗೆ ಹೋಗಿ, ಚೆಂಡು ನೀರಿಗೆ ಬಿದ್ದರೆ ಆಟ ನಿಲ್ಲಿಸಿ ಎಂದು ಕೇಳಿಕೊಂಡೆ. ನಮ್ಮಪ್ಪನ ರೈಲಿನ ಕಥೆಯನ್ನೂ ಹೇಳಿದೆ. ಅವನು ಹಾಲು ಕರೆಯುತ್ತಲೇ ಗೌರವದಿಂದ ಕೇಳಿಸಿಕೊಂಡ. “ಒಬ್ಬುಂಗೆ ಅಂತ ನಿಲ್ಸುದ್ರೆ ನಾಳಿಕ್ಕೆ ಎಲ್ರೂ ಈಜು ಬರಾಕಿಲ್ಲ ಅಂತಾರೆ ಮೇಡಂ,” ಎಂದ. ಯೋಗೇಶನಿಗೆ ಆಡಬೇಡ ಎಂದೆ. ಅವನು ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದವನು ಕೆಲಸ ನಿಲ್ಲಿಸಿದ.

“ಆಟ ಬುಟ್ರೆ ಈ ಊರಲ್ಲಿ ನನ್ನ ಯಾರಕ್ಕ ಮಾತಾಡುಸ್ತಾರೆ?”

ವರ್ಗಾವಣೆ ಕೇಳು ಎಂದು ಅಪ್ಪ ವಾರಕ್ಕೊಮ್ಮೆ ಹೇಳುತ್ತಾರೆ. ಕೇಳುತ್ತೇನೆ ಎನ್ನುತ್ತೇನೆ. ಆಮೇಲೆ ಹುಬ್ಬಳ್ಳಿಗೆ ಟಿಕೆಟ್ ತೆಗೆಯುವ ಮೊದಲು ಕಿರಂಗೂರಿನ ಪಂದ್ಯ ಯಾವ ಭಾನುವಾರ ಎಂದು ನೋಡುತ್ತೇನೆ.

ಕಳೆದ ಭಾನುವಾರ ಸೀಸನ್ ಶುರುವಾಯಿತು. ನಾನು ಹೋಗುವಷ್ಟರಲ್ಲಿ ಏರಿಯ ಮೇಲಿನ ಹೊಂಗೆಮರಕ್ಕೆ ಹಸು ಕಟ್ಟುವ ಹಗ್ಗಗಳನ್ನು ಗಂಟು ಹಾಕಿ ನೇತುಹಾಕಿದ್ದರು. ನಿಮ್ಮ ಮಾತಿಗೆ ಬೆಲೆ ಕೊಟ್ಟಿದ್ದೇವೆ ನೋಡಿ ಎಂಬಂತೆ ಚಂದ್ರು ನನ್ನ ಕಡೆ ನೋಡಿ ನಕ್ಕ. ನಿಜವಾಗಿಯೂ ಅವನಿಗೆ ಸಂತೋಷವಾಗಿತ್ತು. ಆಟ ನಿಲ್ಲುವುದಿಲ್ಲ, ಮೀನು ಸಾಯುವುದಿಲ್ಲ.

ಎರಡನೆಯ ಅವಧಿಯಲ್ಲಿ ಯೋಗೇಶ ಒದ್ದ ಚೆಂಡು ಏರಿ ದಾಟಿತು. ಅವನು ಓಡಿ ಬಂದು, ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡ. ಇನ್ನೊಂದು ತುದಿ ಹಿಡಿಯಲು ತಂಡದವರು ಬಂದರೆ ಇಬ್ಬರು ಕಮ್ಮಿಯಾಗುತ್ತಾರೆ. ಸುತ್ತ ನೋಡಿದ. ಕೂತಿದ್ದವರೆಲ್ಲ ಆಟ ನೋಡುತ್ತಿದ್ದರು.

“ಅಕ್ಕ, ವಸಿ ಇಡ್ಕಳಿ.”

ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಅಂಗೈಗೆ ಸುತ್ತಿಕೊಂಡು, ನೀರಿಗೆ ಮುಖ ಮಾಡಿ ನಿಂತೆ. ಸೆಗಣಿಯ ವಾಸನೆಯ ಒರಟು ಹಗ್ಗ. ಅವನು ಕಣ್ಣು ಮುಚ್ಚಿ ಇಳಿದ. ನೀರು ಅವನನ್ನು ಎಳೆದುಕೊಂಡಿತು, ಹಗ್ಗ ಬಿಗಿಯಾಯಿತು. ಚೆಂಡು ಬಾಗಿದ ಕೊಂಬೆಯೊಂದಕ್ಕೆ ಸಿಕ್ಕಿಕೊಂಡಿತ್ತು. ಅವನು ಅದರ ಕಡೆ ಕೈ ಚಾಚಿದ, ಮುಳುಗಿದ, ಕೆಮ್ಮುತ್ತ ಎದ್ದ. ಕಣ್ಣು ಅವನ ತಲೆಯಿಂದ ಕೀಳಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಗ ಬೆನ್ನ ಹಿಂದೆ ಕೂಗು ಎದ್ದಿತು. ಫುಟ್‌ಬಾಲ್ ನೋಡಿ ಬೆಳೆದವರಿಗೆ ಆ ಕೂಗು ಗೊತ್ತು. ಗೋಲು ಬೀಳುವುದಕ್ಕೆ ಒಂದು ಉಸಿರಿನಷ್ಟು ಮುಂಚೆ ಅದು ಏರುತ್ತದೆ. ಪಾಂಡವಪುರದ ಗೋಲಿ ಬಲಕ್ಕೆ ಹಾರಿದ್ದ, ಚಂದ್ರು ಎಡಕ್ಕೆ ತಳ್ಳಿದ್ದ, ಚೆಂಡು ಕಂಬದ ಒಳಮೈ ಸವರಿ ಬಲೆ ಸೇರಿತು. ಅಂಗೈಯಲ್ಲಿ ಹಗ್ಗ ಜೋರಾಗಿ ಜಗ್ಗಿತು.

ನಾನು ಎಳೆದೆ. ಇಡೀ ಮೈಯ ಭಾರ ಬಿಟ್ಟು ಎಳೆದೆ. ಯೋಗೇಶ ಮಂಡಿ ಮೊಣಕೈ ಊರಿಕೊಂಡು ಇಳಿಜಾರು ಹತ್ತಿ ಬಂದು ನನ್ನ ಕಾಲ ಹತ್ತಿರ ಬಿದ್ದುಕೊಂಡ. ಚೆಂಡನ್ನು ಬಿಟ್ಟಿರಲಿಲ್ಲ. ಮೂಗಿನಿಂದ ನೀರು ಸುರಿಯುತ್ತಿತ್ತು, ತುಟಿ ಕಪ್ಪಿಟ್ಟಿತ್ತು. ಸೊಂಟದ ಗಂಟು ಬಿಚ್ಚುತ್ತ, ಇನ್ನೂ ಉಸಿರು ಸರಿಯಾಗುವ ಮೊದಲೇ ಕೇಳಿದ:

“ಯಾರಕ್ಕ ಒಡುದ್ರು?”

“ನಮ್ಮೋರು,” ಎಂದೆ.

ಹುಬ್ಬಳ್ಳಿಯಲ್ಲಾದರೆ ನಮ್ಮ ಮಂದಿ ಎನ್ನುತ್ತಿದ್ದೆ. ಅವನ ಮುಖ ಅರಳಿತು. ಚೆಂಡನ್ನು ಗೆರೆಯಾಚೆ ಎಸೆದು ಮೈದಾನಕ್ಕೆ ಓಡಿದ. ನೀರು ನೋಡುತ್ತ ನಿಂತಿರಬೇಕಾದವಳಿಗೆ ಅದು ಹೇಗೆ ಗೊತ್ತಾಯಿತು ಎಂದು ಅವನು ಕೇಳಲಿಲ್ಲ.