ಲೋಳೆರಾಯನ ಹದಿನಾರು ಜಾಡಿ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ನಿಜವಾದ ಕತ್ತರಿ ಹಿಡಿದು ಅವನಿಗೆ ವರ್ಷಗಳೇ ಆಗಿದ್ದವು. ಅವನ ಕೈಯಲ್ಲಿರುತ್ತಿದ್ದುದು ನೆಟ್ಟಗೆ ನಿಂತು ಗುಂಯ್ ಎನ್ನುವ ಕರೆಂಟಿನ ಬ್ಲೇಡು. ಗೇಣೆತ್ತರ ಪೇರಿಸಿದ ಬಟ್ಟೆಯ ಪದರಗಳನ್ನು ಒಂದೇ ಏಟಿಗೆ ಸೀಳುವಂಥದು. ಎಡಗೈಗೆ ಉಕ್ಕಿನ ಜಾಲರಿಯ ಗ್ಲೌಸು. ಅದನ್ನು ಹಾಕಿಕೊಂಡಾಗ ತಾನೊಬ್ಬ ಯೋಧ ಅನಿಸುತ್ತಿತ್ತು. ಬಿಚ್ಚಿದ ಕೂಡಲೇ, ಮೂವತ್ತು ತುಂಬುವ ಮೊದಲೇ ಸೊಂಟ ಹಿಡಿದುಕೊಂಡು ನಡೆಯುವ ಸಂಬಳದವನೊಬ್ಬ ಕನ್ನಡಿಯಲ್ಲಿ ಕಾಣುತ್ತಿದ್ದ.

ಅವನನ್ನು ಆ ಕೆಲಸಕ್ಕೆ ಸೇರಿಸಿದವಳು ಅಕ್ಕ. ಅವಳು ಅದೇ ಕಾರ್ಖಾನೆಯಲ್ಲಿ ಮೊದಲು ಬಂಡಲ್ ಕಟ್ಟುತ್ತಿದ್ದಳು. ಎಂದರೆ, ಕತ್ತರಿಸಿದ ತುಂಡುಗಳಿಗೆ ನಂಬರಿನ ಚೀಟಿ ಅಂಟಿಸಿ, ಜೋಡಿಸಿ, ಗಂಟು ಹಾಕುವ ಕೆಲಸ. ಈಗ ಕಾಲರ್ ಹೊಲಿಯುತ್ತಿದ್ದಳು. ಮೊದಲ ದಿನವೇ ಅವನಿಗೆ ಹೇಳಿಕೊಟ್ಟಿದ್ದಳು: ಬ್ಲೇಡು ಬಟ್ಟೆಗೆ ಇಳಿದ ಮೇಲೆ ನಡುವೆ ನಿಲ್ಲಿಸಬಾರದು. ನಿಂತ ಕಡೆ ಅಂಚಿನಲ್ಲಿ ಹಲ್ಲು ಮೂಡುತ್ತದೆ, ಅದೂ ಒಂದು ತೋಳಿನಲ್ಲಲ್ಲ, ಅಷ್ಟೂ ಪದರದ ಅಷ್ಟೂ ತೋಳುಗಳಲ್ಲಿ. ಈ ಪಾಠ ಅವನ ಮೂಳೆಗೇ ಇಳಿದಿತ್ತು. ಅಕ್ಕನನ್ನು ಕೊಂದದ್ದೂ ಅದೇ ಪಾಠ.

ಕೊಂದದ್ದು ಆಟದಲ್ಲಿ. ಭಾನುವಾರ ಮಧ್ಯಾಹ್ನ ಅಕ್ಕನ ಮನೆಯ ನಡುಕೋಣೆಯಲ್ಲಿ ನಾಲ್ವರು ಸೇರುತ್ತಿದ್ದರು. ಲಿಫ್ಟು ರಿಪೇರಿ ಮಾಡುವ ಭಾವ ಕಥೆ ನಡೆಸುವವನು. ಪಾಳುಕೋಟೆ, ಸುರಂಗ, ರಾಕ್ಷಸರು ಎಲ್ಲವೂ ಅವನ ತಲೆಯೊಳಗಿಂದ ಬರಬೇಕು. ಉಳಿದ ಮೂವರೂ ಆ ಕಥೆಯೊಳಗೆ ಒಂದೊಂದು ವೇಷ ಹಾಕಿ, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಆದೀತೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ಕತ್ತರಿ ಕತ್ತಿವರಸೆಯವನು. ಕೆಳಗಡೆ ಸಲೂನಿನ ಕ್ಷೌರಿಕ ಬಿಲ್ಲುಗಾರ. ಅಕ್ಕ ವೈದ್ಯೆ. ಆಟ ಶುರುವಾದಾಗಿನಿಂದ ಆ ವೈದ್ಯೆ ಒಂದು ಇರುವೆಯನ್ನೂ ಕೊಂದವಳಲ್ಲ. ಇವರಿಬ್ಬರ ಹರುಕುಮುರುಕು ದೇಹಗಳನ್ನು ಹೊಲಿದು ಹೊಲಿದು ಎಬ್ಬಿಸಿದವಳು. ಆ ಮಧ್ಯಾಹ್ನಗಳಲ್ಲಿ ಮಾತ್ರ ಅಕ್ಕನನ್ನು ಯಾರೂ ಎಷ್ಟು ಪೀಸ್ ಆಯಿತು ಎಂದು ಕೇಳುತ್ತಿರಲಿಲ್ಲ.

ಭಾವ ಒಳ್ಳೆಯವನೇ. ಆದರೆ ಕಥೆ ಹೇಳಲು ಕೂತರೆ ಅವನೊಳಗೊಬ್ಬ ಕಿಡಿಗೇಡಿ ಎದ್ದು ಕೂರುತ್ತಿದ್ದ. ನೇರವಾಗಿ ಬಂದು ಗುದ್ದುವ ರಾಕ್ಷಸ ಅವನಿಗೆ ಹಿಡಿಸದು. ನಿಧಿಯ ಪೆಟ್ಟಿಗೆ ಎಂದುಕೊಂಡು ಮುಚ್ಚಳ ಎತ್ತಿದರೆ ಅದು ಬಾಯಿ ಆಗಿರಬೇಕು. ಕಷ್ಟಪಟ್ಟು ಸಂಪಾದಿಸಿದ ಕವಚವನ್ನು ಮಿಡತೆಯಂಥದೊಂದು ನೆಕ್ಕಿ ತುಕ್ಕು ಮಾಡಿ ಹೋಗಬೇಕು. ಕ್ಷೌರಿಕ ಇವುಗಳಿಗೆ ಹೊಟ್ಟೆ ಉರಿಸೋ ಬಳಗ ಎಂದು ಹೆಸರಿಟ್ಟಿದ್ದ. ಆ ಬಳಗದ ಯಜಮಾನನೇ ಲೋಳೆರಾಯ.

ಪಾಳುಕೋಟೆಯ ನೆಲಮಾಳಿಗೆಯಲ್ಲಿ ಮಣ್ಣಿನ ಜಾಡಿಯೊಂದು ಕಂಡಿತ್ತು. ಒಳಗೆ ಚಿನ್ನವಿರಬಹುದೆಂದು ಕ್ಷೌರಿಕ ಒದ್ದ. ಜಾಡಿ ಒಡೆದು, ಹಸಿರು ಲೋಳೆಯೊಂದು ಉಕ್ಕಿ ಹೊರಬಂದು ಎಮ್ಮೆಯಷ್ಟು ದಪ್ಪ ನಿಂತಿತು. ಕತ್ತರಿ ಹಿಂದೆಮುಂದೆ ನೋಡದೆ ಕತ್ತಿ ಬೀಸಿದ. ಭಾವ ಮೀಸೆಯಲ್ಲೇ ನಕ್ಕು, ಅದು ಎರಡಾಯಿತು ಎಂದ. ಸರಿಯಾಗಿ ಅರ್ಧ ಅರ್ಧ, ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ, ಎರಡಕ್ಕೂ ಜೀವವಿದೆ. ಇನ್ನೂ ಕಡಿಯುತ್ತೀಯಾ ಎಂದೂ ಕೇಳಿದ. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಕತ್ತರಿ ಎದೆಯುಬ್ಬಿಸಿ, "ಬ್ಲೇಡ್ ಇಳಿದ ಮೇಲೆ ನಿಲ್ಲಿಸೋ ಮಾತೇ ಇಲ್ಲ ಭಾವ," ಎಂದ. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಎಂಟನೆಯದು ಕತ್ತಲಲ್ಲಿ ಗೋಡೆ ಹತ್ತಿ, ಕ್ಷೌರಿಕನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ವೈದ್ಯೆಯ ಮೇಲೆ ಹಿಂದಿನಿಂದ ಬಿತ್ತು. ದಾಳವೂ ಕೈಕೊಟ್ಟಿತು. ಗಂಡಸರಿಬ್ಬರೂ ಮೆಟ್ಟಿಲು ಹತ್ತಿ ಓಡಿದರು. ಬೆನ್ನ ಹಿಂದೆ ತುಂಡುಗಳು ಮತ್ತೆ ಒಂದಾಗುವ ಸದ್ದನ್ನು ಭಾವ ಬಾಯಲ್ಲೇ ಮಾಡಿ ತೋರಿಸಿದ.

ಅಕ್ಕ ವೈದ್ಯೆಯ ವಿವರದ ಹಾಳೆಯನ್ನು ನಾಲ್ಕಾಗಿ ಮಡಚಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಳು. "ಆಟ ತಾನೇ, ಬಿಡಿ," ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಭಾನುವಾರದಿಂದ ಅವಳು ಮೇಜಿಗೆ ಬರಲಿಲ್ಲ. ಅದೇ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತು ಬಟ್ಟೆ ಇಸ್ತ್ರಿ ಮಾಡತೊಡಗಿದಳು. ಭಾವ ಒಂದು ಜೋಕು ಹೊಡೆದರೆ ಇಸ್ತ್ರಿಪೆಟ್ಟಿಗೆ ಧಪ್ ಎನ್ನುತ್ತಿತ್ತು. ಅವನ ಚಹಾಕ್ಕೆ ಸಕ್ಕರೆ ಬೀಳುವುದು ನಿಂತಿತು. ಕೇಳುವ ಧೈರ್ಯ ಅವನಿಗೂ ಬರಲಿಲ್ಲ. ಅವಳ ಕುರ್ಚಿ ಮಾತ್ರ ಖಾಲಿ ಇತ್ತು. ಕತ್ತರಿಗೆ ಅದರ ಕಡೆ ನೋಡಲೂ ಆಗದು, ನೋಡದಿರಲೂ ಆಗದು.

ತಪ್ಪು ತನ್ನದೇ ಎಂದು ಗೊತ್ತಿದ್ದವನು ಇನ್ನೊಬ್ಬರ ಮೇಲೆ ಇಡುವ ಸೇಡಿಗೆ ಕಾವು ಹೆಚ್ಚು. ಲೋಳೆರಾಯನನ್ನು ನೆನೆಯದೆ ಕತ್ತರಿಗೆ ತುತ್ತು ಇಳಿಯದಾಯಿತು. ಬರೀ ಕೊಂದರೆ ಸಾಲದು, ಗೋಳಾಡಿಸಿ, ಹೆಸರಿಲ್ಲದಂತೆ ಮಾಡಿ, ಆಮೇಲೆ ಅಕ್ಕನನ್ನು ಕರೆದು ಕುರ್ಚಿಯಲ್ಲಿ ಕೂರಿಸಬೇಕು. ಬಟ್ಟೆ ಸೀಳುವಾಗಲೆಲ್ಲ ಅವನ ಕಣ್ಣಿಗೆ ಹಸಿರು ಕಾಣುತ್ತಿತ್ತು. ಆದರೆ ಸೇಡು ತೀರಿಸಿಕೊಳ್ಳುವುದಾದರೂ ಹೇಗೆ? ಕಡಿದರೆ ಹೆಚ್ಚುವ ಪ್ರಾಣಿ ಅದು. ಬೆಂಕಿ ಇಟ್ಟರೆ ಉಬ್ಬುತ್ತದೆ, ಹಿಮದಲ್ಲಿ ಹೂತರೆ ಹಾಯಾಗಿ ನಿದ್ದೆ ಮಾಡುತ್ತದೆ. ಕೇಳಿದ ಪ್ರಶ್ನೆಗೆಲ್ಲ ಭಾವನ ಬಳಿ ಇಂಥದೊಂದು ಸಿಹಿ ಉತ್ತರ ತಯಾರಿತ್ತು.

ದಾರಿ ತೋರಿಸಿದ್ದು ಕಾರ್ಖಾನೆಯ ಸೂಪರ್‌ವೈಸರನ ಬೈಗುಳ. ಬಂಡಲ್ ಕಟ್ಟುವ ಹುಡುಗಿ ರಜೆ ಹಾಕಿದ್ದ ದಿನ ಕತ್ತರಿ ತನ್ನ ಪಾಡಿಗೆ ತಾನು ಸೀಳುತ್ತಾ ಹೋಗಿದ್ದ. ಎಡತೋಳು, ಬಲತೋಳು, ಬೆನ್ನು, ಜೇಬು ಎಲ್ಲ ಟೇಬಲ್ಲಿನ ತುಂಬ ಕಲಸಿಹೋಗಿದ್ದವು. ಸೂಪರ್‌ವೈಸರ್ ಬಂದು ನೋಡಿ, ಕಟ್ಟೋರಿಲ್ಲದೆ ಕತ್ತರಿಸಿದ್ದು ಬಟ್ಟೆಯಲ್ಲ, ಕಸ ಎಂದ. ಮುಂದೆ ಇನ್ನೂ ಬಹಳ ಹೇಳಿದ. ಕತ್ತರಿಗೆ ಅದ್ಯಾವುದೂ ಕೇಳಿಸಲಿಲ್ಲ. ಬೈಸಿಕೊಳ್ಳುತ್ತಲೇ ಹಲ್ಲು ಕಿರಿಯುತ್ತಿದ್ದವನನ್ನು ಕಂಡು ಸೂಪರ್‌ವೈಸರನೇ ಗಾಬರಿಯಾಗಿ ಹೊರಟುಹೋದ.

ಕಡಿದದ್ದು ತಪ್ಪಲ್ಲ, ಕಡಿದು ಬಿಟ್ಟದ್ದು ತಪ್ಪು! ತುಂಡು ಅರ್ಧವಾದಾಗ ಗಾತ್ರವೂ ಅರ್ಧವಾಗುತ್ತದೆ. ಹಾಗೆಂದು ಭಾವನೇ ಬಾಯಿಬಿಟ್ಟಿದ್ದಾನೆ. ಹುಟ್ಟಾ ಜಾಡಿಯೊಳಗಿದ್ದ ಪ್ರಾಣಿ ಜಾಡಿಯೊಳಗೆ ಇರಲಾರೆ ಎನ್ನುವಂತೆಯೂ ಇಲ್ಲ. ಬಿಡಿಗಾಸಿನ ಈ ತರ್ಕ ಹೊಳೆಯಲು ತಿಂಗಳುಗಳೇ ಹಿಡಿದವಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡ.

ಮುಂದಿನ ಆಟದಲ್ಲಿ ಅವನು ಗುರಾಣಿ ಮಾರಿ, ಸಂತೆಯಲ್ಲಿ ಅಗಲ ಬಾಯಿಯ ಮಣ್ಣಿನ ಜಾಡಿಗಳನ್ನೂ ಬಿರಡೆಗಳನ್ನೂ ಒಂದು ಗಾಡಿ ತುಂಬ ಕೊಂಡ. ಕತ್ತಿ ಬಿಟ್ಟು ಕುಂಬಾರಿಕೆಗೆ ಇಳಿದೆಯಾ ಎಂದು ಕ್ಷೌರಿಕ ಹಂಗಿಸಿದ. ಭಾವ ಮಾತ್ರ ನಗಲಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡ ಲಿಫ್ಟನ್ನು ನೋಡುವ ಹಾಗೆ ಭಾಮೈದನನ್ನು ನೋಡಿದ.

ನೆಲಮಾಳಿಗೆಗೆ ಇಳಿದರು. ಲೋಳೆರಾಯ ಕಾದಿದ್ದ. ಕತ್ತರಿ ಸೀಳಿದ, ಎರಡು, ನಾಲ್ಕು. ಹಿಡಿದು ಜಾಡಿಗೆ ತುಂಬುವ ಕೆಲಸ ಕ್ಷೌರಿಕನದು. ಅವನೋ ಒಂದು ತುಂಡನ್ನು ಬಗ್ಗಿ ಹಿಡಿಯಲು ಹೋಗಿ ಜಾಡಿಯನ್ನೇ ಬೀಳಿಸಿದ, ಇನ್ನೊಂದು ಅವನ ಬೂಟಿಗೆ ಅಂಟಿಕೊಂಡಿತು. ಎಂಟಾಯಿತು. ಭಾವನ ಮೀಸೆಯಲ್ಲಿ ಆ ಹಳೆಯ ನಗು ಮೂಡಿತು. ಒಂದು ತುಂಡು ಗೋಡೆ ಹತ್ತುತ್ತಿದೆ ಎಂದು ಅವನು ನಿಧಾನವಾಗಿ ಹೇಳಿದ.

ಇಸ್ತ್ರಿಯ ಸದ್ದು ನಿಂತಿತು.

"ಅಲ್ಲಿ ಬಂಡಲ್ ಕಟ್ಟೋರು ಯಾರೋ?" ಬೆನ್ನು ತಿರುಗಿಸಿಕೊಂಡೇ ಅಕ್ಕ ಕೇಳಿದಳು.

ಕತ್ತರಿ ಕ್ಷೌರಿಕನ ಕಡೆ ಬೆರಳು ಮಾಡಿದ. "ಯಾರೂ ಇಲ್ಲಕ್ಕ. ಇವನೇ, ನಮ್ಮ ಸಲೂನ್ ಸಾಹೇಬ."

"ಕಟ್ಟೋರಿಲ್ದೆ ಬ್ಲೇಡ್ ಹಾಕಿದ್ಯಾ? ನಿಂಗೆ ಕಲಿಸಿದ್ದೆಲ್ಲ ನೀರಲ್ಲಿ ಹೋಯ್ತಲ್ಲೋ."

ಅವಳು ಇಸ್ತ್ರಿಯ ಪ್ಲಗ್ಗು ಕಿತ್ತು, ಬಂದು, ತನ್ನ ಕುರ್ಚಿ ಎಳೆದು ಕೂತಳು. ನಿನ್ನವಳು ಸತ್ತಿದ್ದಾಳಲ್ಲ ಎಂದು ಭಾವ ಮೆತ್ತಗೆ ನೆನಪಿಸಿದ.

"ಸತ್ತವಳು ವೈದ್ಯೆ. ಇವಳು ಬಂಡಲ್ ಕಟ್ಟೋಳು, ಇವತ್ತೇ ಕೆಲಸಕ್ಕೆ ಸೇರಿದ್ದು. ಬರ್ಕೊಳ್ಳಿ."

"ಅಷ್ಟು ಆಳದ ನೆಲಮಾಳಿಗೆಗೆ ಹೇಗೆ ಬಂದ್ಳೇ?"

"ಮೆಟ್ಲು ಇಳ್ಕೊಂಡು ಬಂದ್ಳು ರೀ. ಲಿಫ್ಟು ಕೆಟ್ಟಿತ್ತು."

ಕ್ಷೌರಿಕ ಕೆಮ್ಮಿ ನಗು ನುಂಗಿಕೊಂಡ. ಆಮೇಲೆ ಅಲ್ಲಿ ನಡೆದದ್ದು ಕಾಳಗವಲ್ಲ, ಕಾರ್ಖಾನೆಯ ಪಾಳಿ. ಕತ್ತರಿ ಸೀಳುವುದು, ಅಕ್ಕ ಎತ್ತಿ ಜಾಡಿಗೆ ಒತ್ತುವುದು, ಬಿರಡೆ ಬಡಿಯುವುದು, ನಂಬರು ಅಂಟಿಸುವುದು. ದಾಳ ಬೇಕಾದಂತೆಲ್ಲ ಬಿತ್ತು ಎಂದೇನಲ್ಲ. ಲೋಳೆ ತಾಗಿ ಅವಳ ಕೈ ಎರಡು ಸಲ ಸುಟ್ಟಿತು. ಅವಳು ಇನ್ನೊಂದು ಕೈ ಚಾಚಿದಳು. ಬ್ಲೇಡು ಎಲ್ಲಿಯೂ ನಡುವೆ ನಿಲ್ಲಲಿಲ್ಲ. ಕೊನೆಗೆ ಎಮ್ಮೆಯಷ್ಟಿದ್ದ ಲೋಳೆರಾಯ ಹದಿನಾರು ಜಾಡಿಗಳಲ್ಲಿ ಸಾಲಾಗಿ ಕೂತ.

ಹದಿನಾರನೆಯ ತುಂಡಿನೊಳಗೆ ಏನೋ ಹೊಳೆಯುತ್ತಿದೆ ಎಂದು ಭಾವ ತಲೆ ತಗ್ಗಿಸಿ ಹೇಳಿದ. ವೈದ್ಯೆಯ ಔಷಧಿ ಚೀಲದ ಗುಂಡಿಯಂತೆ. ಅದು ಮೊದಲಿಂದ ಕಥೆಯಲ್ಲಿತ್ತೋ, ಸಕ್ಕರೆಯಿಲ್ಲದ ಚಹಾ ಕುಡಿದು ಕುಡಿದು ಆಗಷ್ಟೇ ಹುಟ್ಟಿತೋ ಅವನಿಗೇ ಗೊತ್ತು. ಗುಂಡಿ ತೆಗೆದು ನನ್ನ ತೋಳಿಗೆ ಹೊಲಿದುಕೊಂಡೆ, ಬಿರಡೆ ಹಾಕಿದೆ, ಎಂದಳು ಅಕ್ಕ.

ಎಲ್ಲ ಸರಿಹೋಯಿತೆಂದು ಭಾವನಿಗೆ ಜೀವ ಬಂತು. ಜಾಡಿಗಳನ್ನು ಹೊಳೆಗೆ ಎಸೆದುಬಿಡಿ, ಅಲ್ಲಿಗೆ ಅದರ ಕಥೆ ಮುಗಿಯುತ್ತದೆ ಎಂದ.

"ಯಾಕೆ ಮುಗೀಬೇಕು?" ಎಂದಳು ಅಕ್ಕ. "ಇರ್ಲಿ. ಶೆಲ್ಫ್ ಮೇಲೆ ಇಡ್ತೀನಿ. ಎಲ್ಲಾ ಹತ್ತಿರ ಹತ್ತಿರ ಇರ್ಲಿ, ಕೂಡಿಕೊಳ್ಳೋಕೆ ಮಾತ್ರ ಆಗಬಾರ್ದು."

ಕ್ಷೌರಿಕನ ಕೈಯಲ್ಲಿದ್ದ ದಾಳ ಕೈಯಲ್ಲೇ ಉಳಿಯಿತು. ತಿಂಗಳುಗಟ್ಟಲೆ ಹಲ್ಲು ಕಡಿದು ತಾನು ಸಾಕಿದ ಸೇಡು ಅಕ್ಕನ ಸೇಡಿನ ಮುಂದೆ ಮೊಲೆಗೂಸು ಎಂದು ಕತ್ತರಿಗೆ ಅರಿವಾಯಿತು. ಹೆಮ್ಮೆಯೂ ಆಯಿತು.

ಈಗ ಪ್ರತಿ ಭಾನುವಾರದ ಆಟ ಶುರುವಾಗುವುದು ಹೀಗೆ. ಭಾವ ಕಥೆಗೆ ಬಾಯಿ ತೆರೆಯುವ ಮೊದಲೇ ಅಕ್ಕ ಅವನ ಮುಂದೆ ಸಕ್ಕರೆ ಹಾಕಿದ ಚಹಾ ಇಟ್ಟು, ಜಾಡಿಗಳ ಸಮಾಚಾರ ಕೇಳುತ್ತಾಳೆ. ಕಥೆ ನಡೆಸುವವನಾದ್ದರಿಂದ ಅವನು ಹೇಳಲೇಬೇಕು. ತನ್ನ ಮುದ್ದಿನ ರಾಕ್ಷಸ ಹೇಗೆ ಬಾಡುತ್ತಿದೆ, ಪಕ್ಕದ ಜಾಡಿಯ ತುಂಡಿಗಾಗಿ ರಾತ್ರಿಯಿಡೀ ಹೇಗೆ ಗೋಡೆ ತಟ್ಟುತ್ತದೆ ಎಂದು ಒಂದೊಂದನ್ನೇ ಬಣ್ಣಿಸಬೇಕು. ಕತ್ತರಿ ಬಿಸ್ಕತ್ತು ಅದ್ದಿಕೊಂಡು ಕೇಳುತ್ತಾನೆ. ಭಾವ ಅವಸರದಲ್ಲಿ ಹದಿನೈದಕ್ಕೇ ನಿಲ್ಲಿಸಿ ಕೋಟೆಯ ಕಥೆಗೆ ಹಾರಲು ನೋಡುತ್ತಾನೆ.

"ನಡುವೆ ನಿಲ್ಲಿಸಬೇಡಿ," ಎನ್ನುತ್ತಾಳೆ ಅಕ್ಕ. "ಹದಿನಾರನೇದು?"