ಕಾಕಾ ಹಾಕಿದ ಗುರುತು

ಮೊನ್ನೆ ಕುಂದಗೋಳದ ಬ್ಯಾಂಕಿನಲ್ಲಿ ಪಾಸ್‌ಬುಕ್ ಅಚ್ಚು ಹಾಕುವ ಯಂತ್ರದಿಂದ ರಿಬ್ಬನ್ನಿನ ಮಸಿ ವಾಸನೆ ಬಂತು. ಹಿಂದೆ ನಿಂತವರು “ಸ್ವಲ್ಪ ಸರೀರಿ ಅಮ್ಮಾರ” ಎಂದು ಗದರುವವರೆಗೂ ಅಲ್ಲೇ ನಿಂತಿದ್ದೆ. ಪಕ್ಕದ ಮನೆಯ ಕಾಕಾ ಮುಂಬಯಿಯಿಂದ ಹೊತ್ತು ತಂದಿದ್ದ ಕಾಗದದ ಕಟ್ಟಿಗೂ ಇದೇ ವಾಸನೆ ಇತ್ತು...

ಎಪ್ಪತ್ತರ ದಶಕದ ಮಾತು. ಕಂಪ್ಯೂಟರ್ ಎಂಬ ಹೆಸರನ್ನೇ ನಮ್ಮ ಓಣಿ ಕೇಳಿರಲಿಲ್ಲ. ಕಾಕಾ ಮುಂಬಯಿಯ ಆಫೀಸೊಂದರಲ್ಲಿ ಅದರ ಮೇಲೆಯೇ ಕೆಲಸಕ್ಕಿದ್ದರು. ನಾನು ಆಗಷ್ಟೇ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ತಿಳಿಯದ್ದನ್ನು ಕೇಳದೆ ಬಿಡುವ ಜಾಯಮಾನ ನನ್ನದಲ್ಲ. ಅವರೂ ಬೇಸರಿಸದೆ ಹೇಳಿದರು. ಯಂತ್ರದ ಎಲ್ಲ ಕೆಲಸಗಳನ್ನೂ ಸರದಿ ಹಚ್ಚಿ ನಡೆಸುವ ಒಂದು ಮೂಲ ಪ್ರೋಗ್ರಾಂ ಇರುತ್ತದೆ. ಒಳಗೆ ಏನೇ ಘಟಿಸಿದರೂ ಗುರುತು ಬರೆದಿಡುವ ಭಾಗವೊಂದನ್ನು ಕಾಕಾ ಅದಕ್ಕೆ ಸೇರಿಸಿದ್ದರು. ಯಂತ್ರ ಕೆಟ್ಟರೆ ಆ ಗುರುತುಗಳ ಜಾಡು ಹಿಡಿದು ಕಾರಣ ಹುಡುಕಬಹುದು. ಆದರೆ ಅದೇ ಹೊತ್ತಿಗೆ ಯಂತ್ರ ನಡುನಡುವೆ ಗಪ್ಪನೆ ನಿಲ್ಲತೊಡಗಿತ್ತು. ಎಲ್ಲ ನಿನ್ನ ಗುರುತಿನಿಂದಲೇ ಎಂದು ಸಾಹೇಬರು ಕಾಕಾರನ್ನು ರಜೆಯ ಮೇಲೆ ಕಳಿಸಿದ್ದರು. ತಪ್ಪು ತನ್ನದಲ್ಲವೆಂದು ತೋರಿಸದಿದ್ದರೆ ಕೆಲಸ ಹೋಗುತ್ತಿತ್ತು.

ಪಡಸಾಲೆಯಲ್ಲಿ ಪ್ರೋಗ್ರಾಂ ಅಚ್ಚಾದ ಆ ಉದ್ದನೆಯ ಕಾಗದ ಹಾಸಿಕೊಂಡು, ಪೆನ್ಸಿಲ್ ಹಿಡಿದು ದಿನವಿಡೀ ಗೊಣಗುತ್ತಿದ್ದರು. ಊಟಕ್ಕೆ ಕುಳಿತರೆ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು. ತಲೆ ಕೆಟ್ಟಿದೆ ಎಂದು ಓಣಿಯವರು ಆಡಿಕೊಂಡರು. ಅವರ ಹೆಂಡತಿ, ನಮ್ಮ ಕಾಕು ಮಾತ್ರ, “ಅವ್ರದು ತಪ್ಪಿಲ್ಲ, ಸಿಗತೈತಿ ಬಿಡ್ರಿ” ಎನ್ನುತ್ತಿದ್ದರು.

ಒಂದು ದಿನ ನಮ್ಮ ಅಂಗಳದಲ್ಲಿ ಅಪ್ಪ ಸೇರಿನಿಂದ ಜೋಳ ಅಳೆಯುತ್ತಿದ್ದರು. ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಪ್ರತಿ ಸೇರು ತುಂಬಿ ಸುರಿಯುವವರೆಗೂ ಅದರ ಎಣಿಕೆಯನ್ನೇ ಮತ್ತೆ ಮತ್ತೆ ಹೇಳುತ್ತಿರಬೇಕು. ನಡುವೆ ಯಾರೂ ಮಾತಾಡಿಸುವಂತಿಲ್ಲ. ಕಾಕಾ ಗೋಡೆಯಾಚೆಯಿಂದ “ಅಣ್ಣಾ, ಚಹಾ ಆಗೇತಿ, ಬರ್ರಿ” ಎಂದು ಕೂಗಿದರು. ಅಪ್ಪ “ಬಂದೆ” ಎಂದರು. ಎಣಿಕೆ ತಪ್ಪಿತು! ಅಳೆದದ್ದನ್ನೆಲ್ಲ ಮತ್ತೆ ರಾಶಿಗೆ ಸುರಿದು, “ಭಾಳ ಶಾಣ್ಯಾ ಅದಿ ನೋಡಪಾ ನೀ! ಸೇರು ಸುರುವೂತನಕ ಮಾತಾಡಸಬಾರದು ಅಂತ ಗೊತ್ತಿಲ್ಲೇನಲೇ?” ಎಂದು ರೇಗಿದರು.

ಕಾಕಾ ಚಹಾದ ಮಾತು ಮರೆತೇಬಿಟ್ಟರು. ನನ್ನನ್ನು ಕರೆದು, “ತಂಗಿ, ನನ್ನ ಪ್ರೋಗ್ರಾಂದಾಗ ಹಿಂಗ ಆಗೇತಿ. ಒಂದು ಗುರುತು ಬರಿಯೂ ಹೊತ್ತಿನ್ಯಾಗ ಇನ್ನೊಂದು ಕೆಲಸದ ಕೂಗು ಬಂದ್ರ ಎರಡೂ ಒಂದ ಜಾಗಾಕ್ಕ ಬೀಳತಾವ. ಮೊದಲಿಂದು ಅಳಿಸಿ ಹೋಗತೈತಿ, ಅದಕ್ಕ ಕಾರಣ ಸಿಗವಲ್ದು” ಎಂದರು.

ಆಮೇಲೆ ಶುರುವಾಯಿತು ಪರೀಕ್ಷೆ. ಕಾಕಾ ಯಂತ್ರವಾದರು, ನಾನು ಕೂಗು. ಅವರು ಕಾಗದದ ಮೇಲೆ ಗುರುತು ಬರೆಯುವಾಗ ನಾನು ನಡುವೆ ಕೂಗಬೇಕು. ಬರೆದು ಮುಂದಿನ ಸಾಲಿಗೆ ಹೋಗುವವರೆಗೆ ಅವರು ಓಗೊಡಬಾರದು. ಅಡ್ಡ ಬಾಯಿ ಹಾಕುವುದು ನನಗೆ ಹುಟ್ಟುಗುಣ, ಹೀಗಾಗಿ ಕೆಲಸ ಚೆನ್ನಾಗಿಯೇ ಆಯಿತು. ಹಾಗೆ ತಿದ್ದಿದ ಮೇಲೆ ಒಂದು ಗುರುತೂ ಕಳೆಯಲಿಲ್ಲ. ಇನ್ನು ಯಂತ್ರ ನಿಂತರೆ ಯಾಕೆ ನಿಂತಿತೆಂದು ಗುರುತೇ ಹೇಳುತ್ತದೆ ಎಂಬ ಧೈರ್ಯದಿಂದ ಕಾಕಾ ಮುಂಬಯಿಗೆ ಹೋದರು.

ಹೋದವರೇ ಸಾಹೇಬರಿಗೆ, ನನ್ನ ಭಾಗದಲ್ಲಿ ಒಂದು ತಪ್ಪಿತ್ತು, ತಿದ್ದಿದ್ದೇನೆ ಎಂದರಂತೆ. ಒಳಗೊಂದು ಹೊರಗೊಂದು ಅರಿಯದ ಮನುಷ್ಯ. ಸಾಹೇಬರಿಗೆ ಅಷ್ಟೇ ಸಾಕಾಯಿತು, ತಪ್ಪು ಒಪ್ಪಿಕೊಂಡನಲ್ಲ! ತಿದ್ದಿದ್ದನ್ನು ಯಂತ್ರಕ್ಕೆ ಹಾಕಿ ನೋಡಲೂ ಇಲ್ಲ. ಗುರುತಿನ ಭಾಗವನ್ನು ಕಿತ್ತು ಹಾಕಿದರು, ಕಾಕಾರನ್ನೂ.

ಊರಿಗೆ ಮರಳಿ ಹುಡುಗರಿಗೆ ಲೆಕ್ಕ ಕಲಿಸುತ್ತಿದ್ದರು. ಕಲಿಸುವುದನ್ನು ನಡುವೆಯೇ ಬಿಟ್ಟು ಗೋಡೆಯಾಚೆಯಿಂದ ನನ್ನನ್ನು ಕರೆಯುತ್ತಿದ್ದರು... “ನನ್ನಿಂದನ ನಿಂತಿತ್ತೋ ಏನೋ ತಂಗಿ. ಒಂದ್ ಸಲಾ ಹಾಕಿ ನೋಡಬೇಕಿತ್ತು.” ಆ ಅನುಮಾನ ಅವರನ್ನು ಗೆದ್ದಲಿನಂತೆ ತಿಂದಿತು. ಕೊನೆಗೆ ಕಾಮಾಲೆ ಒಂದು ನೆಪವಾಯಿತು.

ಕಾಕಾ ತೀರಿಕೊಂಡ ಕೆಲವು ತಿಂಗಳಿಗೆ ಮುಂಬಯಿಯಲ್ಲಿ ಅವರ ಜೊತೆಗಿದ್ದವರೊಬ್ಬರು ಮನೆ ಹುಡುಕಿಕೊಂಡು ಬಂದರು. ಗುರುತಿನ ಭಾಗ ಕಿತ್ತ ಮೇಲೂ ಯಂತ್ರ ನಿಲ್ಲುತ್ತಲೇ ಇತ್ತಂತೆ. ಬೇಸತ್ತು, ಕಾಕಾ ತಿದ್ದಿದ್ದನ್ನೇ ಹಾಕಿ ನೋಡಿದರೆ, ಟೇಪು ಓಡಿಸುವ ಬೇರೊಂದು ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಗುರುತೇ ತೋರಿಸಿತಂತೆ. ಅದನ್ನು ಹೇಳಲೆಂದೇ ಬಂದಿದ್ದರು. ಅವರ ಹಿಂದಿ ಮಾತನ್ನು ನಾನು ಕಾಕುವಿಗೆ ಕನ್ನಡದಲ್ಲಿ ಹೇಳಿದೆ.

ಕಾಕು ಬಂದವರಿಗೆ ಚಹಾ ತಂದಿಟ್ಟರು. ಆಮೇಲೆ, “ನನಗ್ಯಾಕ ಹೇಳತೀರಿ? ನನಗ ಮೊದಲ ಗೊತ್ತಿತ್ತು. ಅವರಿಗೆ ಹೇಳಬೇಕಿತ್ತು” ಎಂದರು.

ಈಗ ಕಾಕುವೂ ಇಲ್ಲ. ಆ ಓಣಿಯಲ್ಲಿ ಅವರನ್ನು ಬಲ್ಲವಳು ನಾನೊಬ್ಬಳೇ. ಕಾಕಾ ತಪ್ಪು ತಮ್ಮದೇ ಎಂದುಕೊಂಡು ಹೋದರು. ಅಲ್ಲವೆಂದು ಈಗ ನನಗೆ ಗೊತ್ತಿದೆ, ಯಾರಿಗೆ ಹೇಳಲಿ...