ವಾಷಿಂಗ್ ಮಷಿನ್ ಮೇಲಿನ ಶಾಲು

ಮೊನ್ನೆ ನಮ್ಮ ವಾಷಿಂಗ್ ಮಷಿನ್ ಕೆಟ್ಟಿತು. ರಿಪೇರಿಗೆ ಬಂದವನು ಅದರ ಮೇಲೆ ಹೊದಿಸಿದ್ದ ಶಾಲನ್ನು ಎತ್ತಿ, ಜರಿಯ ಅಂಚು ನೋಡಿ, "ಅಂಕಲ್, ಮಷಿನ್ ಕಾ ಸತ್ಕಾರ್ ಕಿಯಾ ಥಾ ಕ್ಯಾ?" ಎಂದ. ಮಷಿನ್ನಿಗೆ ಸನ್ಮಾನ ಮಾಡಿದ ಮನೆಯನ್ನು ಅವನು ಈವರೆಗೆ ನೋಡಿರಲಿಲ್ಲವಂತೆ. ನಾನೂ ನಕ್ಕೆ. ಶಾಲು ನನ್ನ ಕೈಗೆ ಬಂತು. ಸಾಬೂನು ಪುಡಿಯ ವಾಸನೆ, ಬಾಲ್ಕನಿಯ ತೇವದ ವಾಸನೆ, ಅವೆರಡರ ಅಡಿಯಲ್ಲಿ ಇಷ್ಟು ವರ್ಷವಾದರೂ ಬಿಡದ ನುಸಿಗುಳಿಗೆಯ ವಾಸನೆ. ಅವನು ಮಷಿನ್ನಿನ ಬೆನ್ನು ಬಿಚ್ಚಿ ನೋಡುವಷ್ಟು ಹೊತ್ತೂ ನಾನು ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಮುಂಬಯಿಯ ಕನ್ನಡಿಗರ ಸಂಘಗಳ ಸಹವಾಸ ನಿಮಗೂ ಇದ್ದರೆ ನಿಮ್ಮ ಮನೆಯಲ್ಲೂ ಇಂಥ ನಾಲ್ಕಾರು ಶಾಲುಗಳಿರುತ್ತವೆ. ಈ ಊರಿನ ಸೆಕೆಯಲ್ಲಿ ಅವನ್ನು ಹೊದೆಯುವವರಿಲ್ಲ. ಸನ್ಮಾನದ್ದೆಂದು ಎಸೆಯುವ ಧೈರ್ಯವೂ ಇಲ್ಲ. ನನ್ನ ಹೆಂಡತಿ ಒಂದನ್ನು ಮಿಕ್ಸರಿಗೆ, ಒಂದನ್ನು ಹೊಲಿಗೆ ಯಂತ್ರಕ್ಕೆ ಹೊದಿಸಿದ್ದಾಳೆ. ಒಮ್ಮೆ ಮನೆಗೆ ಬಂದ ಹಿರಿಯರೊಬ್ಬರು ಮಿಕ್ಸರನ್ನೇ ದಿಟ್ಟಿಸಿ, "ಇದು ನಾನೇ ನಿಮಗೆ ಹೊದಿಸಿದ್ದಲ್ವಾ ಮಾರಾಯ್ರೆ?" ಎಂದು ಕೇಳಿದಾಗ ನನ್ನ ಚಹಾ ನೆತ್ತಿಗೆ ಹತ್ತಿತ್ತು. ಆದರೆ ಮಷಿನ್ ಮೇಲಿನ ಶಾಲಿನ ಕತೆ ಅಷ್ಟು ನಗುವಂಥದ್ದಲ್ಲ. ಅದನ್ನು ಹೊದಿಸಿಕೊಂಡ ದಿನ ಸಭೆಯಲ್ಲಿ ನನ್ನ ತಂಗಿ ವನಿತಾ ಕೂತಿದ್ದಳು, ಚಪ್ಪಾಳೆಯನ್ನೂ ತಟ್ಟಿದ್ದಳು.

ನಾನು ಹೆಚ್ಚು ಓದಿದವನಲ್ಲ. ರಾತ್ರಿಶಾಲೆಯಲ್ಲಿ ಏಳನೆಯವರೆಗೆ ಕಲಿತೆ, ಅದರಲ್ಲೂ ಅರ್ಧ ಪಾಠ ನಿದ್ದೆಯಲ್ಲಿ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಕುರ್ಲಾ ಸ್ಟೇಷನ್ ಬಳಿಯ ಹೋಟೆಲಿನ ಗಲ್ಲಾದಲ್ಲಿ ನಾನು ಕೂತೆ. ಹೋಟೆಲು ನಮ್ಮದಲ್ಲ, ಮಾಲಕರಿಗೆ ತಿಂಗಳು ತಿಂಗಳು ಇಂತಿಷ್ಟು ಕಟ್ಟಿ ನಾವು ನಡೆಸುತ್ತಿದ್ದದ್ದು. ವನಿತಾ ಆಗ ಕಾಲೇಜಿನಲ್ಲಿದ್ದಳು. ಬಿಲ್ ಬುಕ್ಕಿನ ಹಿಂಬದಿಯಲ್ಲೆಲ್ಲ ಅವಳ ಗೆರೆಗಳೇ. ಒಂದು ದಿನ ಹೋಟೆಲಿನ ನಕ್ಷೆ ಬರೆದು ತಂದು, "ಅಣ್ಣ, ಈ ಕಂಬ ಸುತ್ತಿ ಸುತ್ತಿ ವೇಟರುಗಳ ಕಾಲು ಹೋಗ್ತದೆ. ತಟ್ಟೆ ತೊಳೆಯುವ ಜಾಗ ಈಚೆ ತಂದ್ರೆ ಕೆಲಸ ಅರ್ಧ ಆಗ್ತದೆ, ನೋಡು" ಎಂದಳು. ನಾನು ನೋಡಲಿಲ್ಲ. ಅವಳು ಹೇಳಿದ್ದನ್ನೇ ಮುಂದೆ ಒಬ್ಬ ಕಂತ್ರಾಟುದಾರ ಹೇಳಿದಾಗ ದುಡ್ಡು ಕೊಟ್ಟು ಮಾಡಿಸಿದೆ. ಅಂಥವಳಿಗೆ ಆರ್ಕಿಟೆಕ್ಚರಿನಲ್ಲಿ ಸೀಟು ಸಿಕ್ಕಿತು. ಖಾಸಗಿ ಕಾಲೇಜು. ಫೀಸು ಕೇಳಿ ಅಮ್ಮ, "ಇದು ವರ್ಷಕ್ಕಾ, ಎಲ್ಲ ವರ್ಷಕ್ಕೂ ಸೇರಿಯಾ?" ಎಂದಳು. ವರ್ಷಕ್ಕೇ.

ಗಲ್ಲಾದಲ್ಲಿ ಕೂತವನ ಕೈಯಲ್ಲಿ ಓಡಾಡುವ ನೋಟೆಲ್ಲ ಅವನದೇ ಎಂದು ಗಿರಾಕಿಗಳು ತಿಳಿಯುತ್ತಾರೆ. ಸರಕಾರವೂ ಹಾಗೆಯೇ ತಿಳಿಯಿತು. ಫೀಸು ರಿಯಾಯಿತಿಗೆ ಹಾಕಿದ್ದ ಮಿತಿಗಿಂತ ನಮ್ಮ ಆದಾಯ ಕಾಗದದಲ್ಲಿ ಮೇಲಿತ್ತು. ಬ್ಯಾಂಕಿನವರು ಸಾಲಕ್ಕೆ ಅಡವು ಕೇಳಿದರು. ಭಾಂಡುಪಿನ ನಮ್ಮ ಫ್ಲ್ಯಾಟು ಆಗಲೇ ಇನ್ನೊಂದು ಬ್ಯಾಂಕಿನಲ್ಲಿ ಅಡವಿತ್ತು. ಕೈಚಾಚಿದರೆ ಜನ ನಗುತ್ತಾರೆ, ಚಾಚದಿದ್ದರೆ ಹುಡುಗಿಯ ಓದು ನಿಲ್ಲುತ್ತದೆ. ನಮ್ಮಂಥ ಮನೆಗಳು ಈ ಊರಿನ ಒಂದೊಂದು ಬಿಲ್ಡಿಂಗಿನಲ್ಲೂ ಇವೆ, ಬಾಗಿಲ ಮೇಲೆ ಚೆಂದದ ಹೆಸರಿನ ಫಲಕ ಹಾಕಿಕೊಂಡು.

ದಾರಿ ತೋರಿಸಿದವರು ವಾಮನ ಮಾಸ್ಟ್ರು. ರಾತ್ರಿಶಾಲೆಯಲ್ಲಿ ನನ್ನ ನಿದ್ದೆಯನ್ನು ಸಹಿಸಿಕೊಂಡವರು. ಆಗ ಘಾಟ್ಕೋಪರಿನ ನಮ್ಮ ಸಂಘದ ಕಾರ್ಯದರ್ಶಿ. ಬೆಳಗಿನ ಕಾಫಿಗೆ ಬಂದವರು ಗಲ್ಲಾದ ಬಳಿ ಬಗ್ಗಿ ಮೆಲ್ಲಗೆ ಹೇಳಿದರು: "ಈ ವರ್ಷದಿಂದ ಬೇರೆಯೇ ಒಂದು ನಿಧಿ ಮಾಡಿದ್ದೇವೆ. ತೀರಾ ಬಡವರಿಗಲ್ಲ, ನಿಮ್ಮ ಹಾಗೆ ನಡುವೆ ಸಿಕ್ಕಿಬಿದ್ದವರಿಗೆ. ಅರ್ಜಿ ಕೊಡು. ತಂಗಿ ಬಾರದಿದ್ರೂ ನಡೀತದೆ. ಮನೆಯ ದೊಡ್ಡವರು ಬಂದು ಎಲ್ಲರ ಜತೆ ಕೂತು, ಕರೆದಾಗ ಒಳಗೆ ಬರ್ಬೇಕು. ಅದೊಂದು ನಮ್ಮ ಕ್ರಮ."

"ಎಲ್ಲರ ಜತೆಯಾ ಮಾಸ್ಟ್ರೆ?"

"ಮತ್ತೆ ನಿನಗೆ ಪ್ರತ್ಯೇಕ ಸಿಂಹಾಸನ ತರಿಸುದಾ?"

ಆ ಆದಿತ್ಯವಾರ ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದೆ. ಅಲ್ಲೇ ಮೊದಲ ತಪ್ಪು. ಸಂಘದ ಹಾಲಿನಲ್ಲಿ ಗೋಡೆಯ ಉದ್ದಕ್ಕೂ ಒಂದು ಮರದ ಬೆಂಚು. ಅದರ ತುಂಬ ಜನ, ಎಲ್ಲರ ತೊಡೆಯ ಮೇಲೂ ಪ್ಲಾಸ್ಟಿಕ್ ಫೈಲು. ಎದುರು ಬದಿಯಲ್ಲಿ ದೇಣಿಗೆ ಸ್ವೀಕರಿಸುವ ಮೇಜು, ಅದಕ್ಕೊಂದು ಫ್ಯಾನು. ನಾನು ಬೆಂಚಿನ ಕಡೆ ಎರಡು ಹೆಜ್ಜೆ ಇಟ್ಟಿದ್ದೆ, ಅಷ್ಟರಲ್ಲಿ ನಡುವಿನಿಂದ ಒಬ್ಬ ಧಡಕ್ಕನೆ ಎದ್ದು ನಿಂತ. ಸದಾನಂದ. ನಮ್ಮದೇ ಹೋಟೆಲಿನ ವೇಟರು. ಮಗಳ ನರ್ಸಿಂಗ್ ಓದಿಗೆ ಅರ್ಜಿ ಹಾಕಲು ನನ್ನಿಂದಲೇ ಅರ್ಧ ದಿನ ರಜೆ ಕೇಳಿ ಬಂದಿದ್ದ.

"ಸೇಟ್ರೇ, ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದು ತನ್ನ ಜಾಗವನ್ನು ಕೈಯಿಂದ ಒರೆಸಿದ. "ನೀವೆಂತ ಇಲ್ಲಿ?"

ಪಾಪ, ಅವನ ಪ್ರಶ್ನೆಯಲ್ಲಿ ಏನೂ ಇರಲಿಲ್ಲ. ಬೆಂಚಿನವರೆಲ್ಲ ನನ್ನನ್ನು ನೋಡಿದರು. ನನ್ನ ಬಾಯಿ ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು: "ನಾನಾ? ದೇಣಿಗೆ ಕೊಡುವ ಅಂತ ಬಂದದ್ದು."

ಆಮೇಲೆ ನಡೆದುಕೊಂಡು ಹೋಗಿ ಮೇಜಿನ ಮುಂದೆ ನಿಲ್ಲುವುದಷ್ಟೇ ಉಳಿದಿತ್ತು. ಮಾಲಕರಿಗೆಂದು ಜೇಬಿನಲ್ಲಿಟ್ಟಿದ್ದ ಆ ತಿಂಗಳ ಹಣದಿಂದ ದೇಣಿಗೆ ಕೊಟ್ಟೆ. ಫ್ಯಾನಿನ ಗಾಳಿ ಚೆನ್ನಾಗಿತ್ತು ಎಂಬುದೂ ನೆನಪಿದೆ. ವನಿತಾಳ ಫೈಲು ಕಂಕುಳಲ್ಲೇ ಇತ್ತು. ಒಳಗಿನ ಕೋಣೆಯಿಂದ ವಾಮನ ಮಾಸ್ಟ್ರು ಕತ್ತು ಚಾಚಿ ನನ್ನನ್ನು ನೋಡಿದರು. ಆಮೇಲೆ ಹೋಟೆಲಿಗೆ ಕಾಫಿಗೆ ಬರುವುದನ್ನೇ ನಿಲ್ಲಿಸಿದರು.

ಮನೆಯಲ್ಲಿ ವನಿತಾ ಬಾಗಿಲಲ್ಲೇ ಇದ್ದಳು. "ಎಂತ ಆಯ್ತು?"

"ಆಗುದಿಲ್ಲಂತೆ. ಹೋಟೆಲು ಉಂಟಲ್ಲ, ಹಾಗಾಗಿ."

ಅವಳು ಅಳಲಿಲ್ಲ. ಒಂದಷ್ಟು ದಿನ ನಕ್ಷೆಯ ಹಾಳೆಗಳು ಕಪಾಟಿನ ಮೇಲೆ ಸುರುಳಿಯಾಗಿ ನಿಂತಿದ್ದವು. ಆಮೇಲೆ ಅಮ್ಮ ಅವನ್ನು ಡಬ್ಬಗಳ ಕೆಳಗೆ ಹಾಸಿದಳು. ಸೀಟಿಗೆ ಹಣ ಕಟ್ಟುವ ದಿನ ದಾಟಿತು. ವನಿತಾ ಕಾಮರ್ಸ್ ಸೇರಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ವಿದ್ಯಾರ್ಥಿವೇತನ ವಿತರಣೆಯ ಸಮಾರಂಭ. ದಾನಿಗಳು ವೇದಿಕೆಯಲ್ಲಿ. ಮೈಕಿನಲ್ಲಿ ನನ್ನನ್ನು 'ಕೊಡುಗೈ ದಾನಿ' ಎಂದರು. ಇದೇ ಶಾಲು ಹೊದಿಸಿದರು. ದಾನಿಗಳ ಕೈಯಿಂದಲೇ ಮಕ್ಕಳಿಗೆ ಲಕೋಟೆ ಕೊಡಿಸುವ ಪದ್ಧತಿ. ಸದಾನಂದನ ಮಗಳಿಗೆ ನಾನೇ ಕೊಟ್ಟೆ, ಅವಳು ಕಾಲಿಗೆರಗಿದಳು. ನಾನು ಬೆವರುತ್ತಿದ್ದೆ. ಶಾಲು ಕಾರಣವೆಂದು ಎಲ್ಲರೂ ತಿಳಿದಿರಬೇಕು. ಕೊನೆಗೆ ಹೊಸ ನಿಧಿಯ ಸರದಿ. ಕರೆದ ಹುಡುಗಿಯರಲ್ಲಿ ಒಬ್ಬಳ ತಂದೆಯನ್ನು ನಮ್ಮ ಮನೆಯವರೆಲ್ಲ ಬಲ್ಲರು. ಸ್ಟೇಷನ್ನಿನ ಎದುರೇ ಅವರ ಹೋಟೆಲು, ನಮ್ಮದಕ್ಕಿಂತ ದೊಡ್ಡದು.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ನಾನೂ ವನಿತಾಳೂ ಎದುರು ಬದುರಾಗಿ ಕೂತಿದ್ದೆವು. ಶಾಲು ನನ್ನ ಮಡಿಲಲ್ಲಿತ್ತು.

"ಅಣ್ಣ, ಆ ಹುಡುಗಿಯ ಅಪ್ಪನಿಗೂ ಹೋಟೆಲು ಉಂಟಲ್ಲ?"

"ಅವರದ್ದು ಬೇರೆ ಲೆಕ್ಕ."

"ಹೌದಾ" ಎಂದಳು. ಭಾಂಡುಪ್ ಬರುವವರೆಗೂ ಕಿಟಕಿಯ ಹೊರಗೆ ನೋಡಿದಳು. ಆ 'ಹೌದಾ' ನನ್ನ ಜತೆಯಲ್ಲೇ ಇಳಿದು ಮನೆಗೆ ಬಂತು.

ಅವಳ ಬದುಕು ಹಾಳಾಯಿತೆಂದು ಹೇಳಿ ನಿಮ್ಮ ಮರುಕ ಪಡೆಯುವಂತಿಲ್ಲ. ಅಕೌಂಟ್ಸಿನಲ್ಲಿ ಒಳ್ಳೆಯ ಕೆಲಸ ಹಿಡಿದಳು, ಒಳ್ಳೆಯವನನ್ನೇ ಮದುವೆಯಾದಳು. ಗಂಡ ಹೆಂಡತಿ ಇಬ್ಬರಿಗೂ ಪಗಾರ, ಫ್ಲ್ಯಾಟಿನ ಕಂತು, ಒಬ್ಬಳೇ ಮಗಳು ಇಶಾ. ಹಬ್ಬಕ್ಕೆ ಬರುತ್ತಾರೆ. ಆದರೆ ಯಾವ ಮನೆಗೆ ಹೋದರೂ ವನಿತಾ ಮೊದಲು ಗೋಡೆಗಳನ್ನು ನೋಡುತ್ತಾಳೆ, ಬೆಳಕು ಎಲ್ಲಿಂದ ಬರುತ್ತದೆಂದು ನೋಡುತ್ತಾಳೆ. ಆಗ ನಾನು ಬೇರೆ ಕಡೆ ನೋಡುತ್ತೇನೆ.

ಮೊನ್ನೆ ರಿಪೇರಿಯವನು ಹೋದ ಮೇಲೆ ಮಷಿನ್ ನಡೆಯುತ್ತದೋ ಇಲ್ಲವೋ ನೋಡಲು ಹೆಂಡತಿ ಆ ಶಾಲನ್ನೇ ಒಳಗೆ ಹಾಕಿದಳು. ಅದು ತಿರುಗುವುದನ್ನು ನೋಡುತ್ತಿದ್ದಾಗಲೇ ವನಿತಾಳ ಫೋನು ಬಂತು. ಇಶಾಳಿಗೆ ಡಿಸೈನ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಇಬ್ಬರ ಪಗಾರ ಸೇರಿದರೆ ಸರಕಾರದ ಕಣ್ಣಿಗೆ ಅವರು ದೊಡ್ಡ ಜನ; ರಿಯಾಯಿತಿ ಇಲ್ಲ. ಸಂಘದ ನಿಧಿಗೆ ಅರ್ಜಿ ಹಾಕಿದ್ದಾಳೆ.

"ಆದಿತ್ಯವಾರ ಇಂಟರ್ವ್ಯೂ. ಮನೆಯ ದೊಡ್ಡವರು ಬರ್ಬೇಕಂತೆ. ನೀನು ಹೋಗು."

"ನಿನಗೆ ಆದಿತ್ಯವಾರ ರಜೆ ಅಲ್ವಾ?"

"ರಜೆಯೇ. ನಾನು ಹೋಗಬಹುದು, ಹೋಗುದಿಲ್ಲ. ನೀನು ಹೋಗು."

ಮಷಿನ್ ಗಡಗಡ ಎನ್ನುತ್ತಿತ್ತು. ಇಷ್ಟು ವರ್ಷ ನಾಲಗೆಯ ತುದಿಗೆ ಬಂದು ಹಿಂದೆ ಹೋಗುತ್ತಿದ್ದದ್ದನ್ನು ಆ ಸದ್ದಿನ ಮರೆಯಲ್ಲೇ ಹೇಳಿಬಿಟ್ಟೆ. "ವನಿತಾ, ಅವತ್ತು ನಿನ್ನ ಅರ್ಜಿಯನ್ನು ನಾನು ಕೊಡಲೇ ಇಲ್ಲ."

ಮಷಿನ್ ಒಮ್ಮೆ ನಿಂತು, ಆಚೆ ದಿಕ್ಕಿಗೆ ತಿರುಗತೊಡಗಿತು.

"ನಿನಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು ಅಂದ್ರೆ ನಿನಗೆ ಹಗುರ ಆಗ್ತದೆ. ಅದಕ್ಕೇ ಹೇಳುದಿಲ್ಲ." ಆಮೇಲೆ, ಮನೆಯ ಸಾಮಾನು ತರಲು ಹೇಳುವ ದನಿಯಲ್ಲಿ, "ಬೇಗ ಹೋಗು ಅಣ್ಣ. ತಡ ಮಾಡಿದ್ರೆ ಬೆಂಚಿನಲ್ಲಿ ಜಾಗ ಸಿಗುದಿಲ್ಲ" ಎಂದಳು.

ಆದಿತ್ಯವಾರ ಇಶಾಳನ್ನು ಕರೆದುಕೊಂಡು ಹೋದೆ. ಸಂಘದ ಹಾಲಿಗೆ ಈಗ ಎಸಿ ಬಂದಿದೆ. ಬೆಂಚು ಮಾತ್ರ ಅದೇ. ಬಾಗಿಲಲ್ಲಿದ್ದ ಸ್ವಯಂಸೇವಕ ನನ್ನ ಗುರುತು ಹಿಡಿದ. "ದೇಣಿಗೆ ಆ ಕಡೆ, ಅಂಕಲ್."

"ಅಲ್ಲಪ್ಪ. ಅರ್ಜಿ" ಎಂದೆ. ಒಂದು ಶಬ್ದ. ಹೇಳಿದ ಮೇಲೆ ನೋಡಿದರೆ ಗಂಟಲಿಗೆ ಏನೂ ಆಗಿರಲಿಲ್ಲ.

ಇಶಾ ಪಕ್ಕದಲ್ಲಿ ಕೂತು ಫೈಲಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಳು. "ಮಾಮಾ, ನೀವು ಯಾಕೆ ಇಷ್ಟು ಟೆನ್ಷನ್? ಇಂಟರ್ವ್ಯೂ ನನ್ನದು ಹೈ ನಾ?" ಎಂದಳು. ಅವಳ ಕನ್ನಡ ಹೀಗೆಯೇ, ಅರ್ಧ ದಾರಿಯಲ್ಲಿ ಗಾಡಿ ಬದಲಿಸುತ್ತದೆ.

ಅವಳಿಗೆ ಉತ್ತರ ಹುಡುಕುತ್ತಿದ್ದಾಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಇಸ್ತ್ರಿಯ ಅಂಗಿ. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಕಾರಿನ ಕೀ. ಬೆಂಚಿನ ಕಡೆ ನೋಡಿದರು, ದೇಣಿಗೆಯ ಮೇಜಿನ ಕಡೆ ನೋಡಿದರು, ಫೈಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ನಾನು ಇಶಾಳ ಕಡೆಗೆ ಒತ್ತಿ ಕೂತು ಪಕ್ಕದಲ್ಲಿ ಜಾಗ ಮಾಡಿದೆ. "ಬನ್ನಿ, ಇಲ್ಲಿ ಕೂತ್ಕೊಳ್ಳಿ."

"ಇಲ್ಲ ಇಲ್ಲ, ನಾನು ಸುಮ್ಮನೆ ಬಂದದ್ದು..."

"ನಾನೂ ಒಮ್ಮೆ ಸುಮ್ಮನೆ ಬಂದಿದ್ದೆ" ಎಂದೆ. "ಕೂತ್ಕೊಳ್ಳಿ ಮಾರಾಯ್ರೆ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೀಯನ್ನು ಜೇಬಿಗೆ ಹಾಕಿಕೊಂಡು, ಫೈಲನ್ನು ತೊಡೆಯ ಮೇಲಿಟ್ಟು ಕೂತರು.